ಅಂಕವಣೆಯ ಮೊದಲ ಪಾಠ: ಕನ್ನಡದ ಅಶ್ವವಿದ್ಯೆ ಮತ್ತು ದಂಡಿನ ಬೆಂಗಳೂರು

ಬೆಂಗಳೂರಿನ ಕಮ್ಮನಹಳ್ಳಿಯಲ್ಲಿ ಇಂದು ಕುದುರೆಯೊಂದು ಕಾಣಿಸಿಕೊಂಡರೆ ಅದು ಬಹುಮಟ್ಟಿಗೆ ಮದುವೆಯ ದಿಬ್ಬಣದ ಬಿಳಿಯ ಕುದುರೆ. ಮುಖ್ಯರಸ್ತೆಯ ಅಂಗಡಿ, ಉಪಾಹಾರಗೃಹ, ವಾಹನಗಳ ಸಾಲಿನ ನಡುವೆ ಅದು ಅನ್ಯಲೋಕದ ಪ್ರಾಣಿಯಂತೆ ತೋರುತ್ತದೆ. ಆದರೆ ಈ ಹಳ್ಳಿ ಬೆಳೆದದ್ದು ದಂಡಿನ ಮಗ್ಗುಲಲ್ಲಿ. 1809ರಲ್ಲಿ ಬ್ರಿಟಿಷರ ಸೇನೆ ಶ್ರೀರಂಗಪಟ್ಟಣದಿಂದ ಹಲಸೂರಿನ ಸುತ್ತಿನ ಬಯಲಿಗೆ ಬಂದು ನೆಲೆಸಿದ ಮೇಲೆ ಪೂರ್ವ ಬೆಂಗಳೂರಿನ ಬದುಕಿನ ಗತಿಯನ್ನು ಒಂದು ಶತಮಾನಕ್ಕೂ ಹೆಚ್ಚು ಕಾಲ ಕುದುರೆಯ ಗೊರಸೇ ನಿರ್ಣಯಿಸಿತು. ಇಂದಿನ ಕಾಮರಾಜ ರಸ್ತೆಯ ಹಿಂದಿನ ಹೆಸರು ಕ್ಯಾವಲ್ರಿ ರಸ್ತೆ, ಎಂದರೆ ಕುದುರೆಪಡೆಯ ರಸ್ತೆ. ಶಿವಾಜಿನಗರದ ಜಟಕಾ ಗಾಡಿಗಳು ಹಿರಿಯರ ನೆನಪಿನಲ್ಲಿ ಇನ್ನೂ ಓಡುತ್ತಿವೆ. ಇಷ್ಟು ಕುದುರೆಗಳಿದ್ದ ಕಡೆ ಕುದುರೆಯನ್ನು ಕಲಿಯುವವರೂ ಕಲಿಸುವವರೂ ಇದ್ದೇ ಇರಬೇಕು. ಆ ಕಲಿಕೆ ಎಲ್ಲಿಂದ ಆರಂಭವಾಗುತ್ತಿತ್ತು, ಕನ್ನಡದಲ್ಲಿ ಅದಕ್ಕೆ ಎಂಥ ಮಾತುಗಳಿದ್ದವು, ಆ ಮಾತುಗಳು ಏನಾದವು ಎಂಬುದು ಸಾಹಿತ್ಯದ ವಿದ್ಯಾರ್ಥಿಗಳಿಗೂ ಸಂಬಂಧಿಸಿದ ಪ್ರಶ್ನೆ. ಕುದುರೆಯನ್ನು ಅರಿಯದೆ ಓದಿದರೆ ಹಳಗನ್ನಡ ಚಂಪೂಕಾವ್ಯಗಳ ಎಷ್ಟೋ ಪುಟಗಳು ಬರಿಯ ಪದಗಳ ರಾಶಿಯಾಗಿ ಉಳಿಯುತ್ತವೆ.

ಮೊದಲು ಒಂದು ಮೂಲಭೂತ ಸಂಗತಿಯನ್ನು ಒಪ್ಪಿಕೊಳ್ಳಬೇಕು. ದಕ್ಷಿಣ ಭಾರತ ಒಳ್ಳೆಯ ಕುದುರೆಯ ತವರಲ್ಲ. ಇಲ್ಲಿನ ತೇವ, ಹುಲ್ಲು, ಸೆಕೆ ಅದಕ್ಕೆ ಒಗ್ಗುವುದಿಲ್ಲ. ಆದ್ದರಿಂದ ಅರಸರು ಅರಬ್ಬೀ ಸಮುದ್ರದ ಆಚೆಯಿಂದ ಕುದುರೆಗಳನ್ನು ತರಿಸುತ್ತಿದ್ದರು. ಕನ್ನಡದ ‘ತೇಜಿ’ ಎಂಬ ಮಾತು ‘ತೇಜಸ್ಸು’ ಎಂಬುದರಿಂದ ಹುಟ್ಟಿತೆಂದು ಭಾವಿಸುವವರುಂಟು. ಅದರ ಬೇರು ಅರಬರನ್ನು ಸೂಚಿಸುವ ‘ತಾಜಿ’ ಎಂಬ ಪಾರಸಿ ಶಬ್ದದಲ್ಲಿದೆ. ಹದಿಮೂರನೆಯ ಶತಮಾನದ ಕೊನೆಗೆ ತಮಿಳು ಕರಾವಳಿಯನ್ನು ಕಂಡ ಮಾರ್ಕೋ ಪೋಲೋ, ಅಲ್ಲಿನ ಅರಸರು ವರ್ಷವರ್ಷವೂ ಸಾವಿರಾರು ಕುದುರೆಗಳನ್ನು ಕೊಂಡರೂ ವರ್ಷಾಂತ್ಯಕ್ಕೆ ನೂರೂ ಉಳಿಯುತ್ತಿರಲಿಲ್ಲವೆಂದು ಬರೆಯುತ್ತಾನೆ. ಅವನು ಕೊಡುವ ಕಾರಣ ಗಮನಾರ್ಹವಾದದ್ದು: ಕುದುರೆಯನ್ನು ನೋಡಿಕೊಳ್ಳುವ ಬಗೆ ಜನರಿಗೆ ತಿಳಿಯದು, ಅದನ್ನು ಬಲ್ಲವರು ಇಲ್ಲಿಗೆ ಬರದಂತೆ ವರ್ತಕರೇ ನೋಡಿಕೊಳ್ಳುತ್ತಾರೆ, ಏಕೆಂದರೆ ಕುದುರೆ ಸತ್ತಷ್ಟೂ ಅವರಿಗೆ ವ್ಯಾಪಾರ. ವಿದೇಶಿ ಪ್ರವಾಸಿಯ ಮಾತಿನಲ್ಲಿ ಉತ್ಪ್ರೇಕ್ಷೆ ಇದ್ದೀತು. ಆದರೆ ಎರಡು ಶತಮಾನಗಳ ಬಳಿಕ ವಿಜಯನಗರದ ವಿಷಯದಲ್ಲಿ ಪೋರ್ಚುಗೀಸ್ ಬರಹಗಾರ ನೂನಿಜ್ ಹೇಳುವುದೂ ಇದೇ ಜಾಡಿನದು. ಸಾಳುವ ನರಸಿಂಹ ಹರ್ಮುಜ್ ಮತ್ತು ಏಡನ್‌ಗಳಿಂದ ಬರುವ ಕುದುರೆಗಳನ್ನು ಸಾವಿರ ಪರ್ದಾವುಗಳಿಗೆ ಮೂರರಂತೆ, ಬದುಕಿದ್ದರೂ ಸತ್ತಿದ್ದರೂ ಕೊಳ್ಳುತ್ತಿದ್ದನಂತೆ. ಹಡಗಿನಲ್ಲಿ ಸತ್ತ ಕುದುರೆಯ ಬಾಲವನ್ನು ತಂದು ತೋರಿಸಿದರೂ ಹಣ ಸಿಗುತ್ತಿತ್ತಂತೆ. ಕೃಷ್ಣದೇವರಾಯ ವರ್ಷಕ್ಕೆ 13,000 ಕುದುರೆಗಳನ್ನು ಕೊಳ್ಳುತ್ತಿದ್ದನೆಂದೂ ಅವನೇ ಬರೆದಿದ್ದಾನೆ. ಭಟ್ಕಳ, ಹೊನ್ನಾವರಗಳ ಬಂದರಿಗೆ ಬಂದಿಳಿದ ಈ ಪ್ರಾಣಿಗಳು ಘಟ್ಟ ಹತ್ತಿ ರಾಜಧಾನಿ ಸೇರುತ್ತಿದ್ದವು. ಹಂಪಿಯ ಮಹಾನವಮಿ ದಿಬ್ಬದ ಮತ್ತು ಹಜಾರರಾಮ ದೇವಾಲಯದ ಹೊರಗೋಡೆಯ ಕುದುರೆ ಸಾಲುಗಳು ಈ ವೈಭವವನ್ನು ಮಾತ್ರ ತೋರಿಸುತ್ತವೆ. ಸತ್ತ ಕುದುರೆಗಳ ಲೆಕ್ಕವನ್ನು ಶಿಲ್ಪಿ ಕೆತ್ತುವುದಿಲ್ಲ.

ಈ ಹಿನ್ನೆಲೆಯಲ್ಲಿ ನೋಡಿದಾಗಲೇ ಕನ್ನಡದಲ್ಲಿ ಕುದುರೆಯ ಕುರಿತು ಶಾಸ್ತ್ರಗ್ರಂಥಗಳು ಹುಟ್ಟಿದ್ದರ ಮಹತ್ತ್ವ ತಿಳಿಯುವುದು. ಸಂಸ್ಕೃತದಲ್ಲಿ ಶಾಲಿಹೋತ್ರ, ನಕುಲ, ಜಯದತ್ತರ ಹೆಸರಿನ ಗ್ರಂಥಗಳಿದ್ದವು ನಿಜ. ಆದರೆ ಲಾಯದಲ್ಲಿ ದುಡಿಯುವವನಿಗೆ ಸಂಸ್ಕೃತ ಬಾರದು. ಆ ಅಂತರವನ್ನು ತುಂಬಲು ಹೊರಟವರಲ್ಲಿ ಜೈನ ಲೇಖಕರು ಮುಂಚೂಣಿಯಲ್ಲಿದ್ದರು. ಚಾಲುಕ್ಯ ರಾಜಕುಮಾರ ಕೀರ್ತಿವರ್ಮ ಹನ್ನೆರಡನೆಯ ಶತಮಾನದ ಆರಂಭದಲ್ಲಿ ‘ಗೋವೈದ್ಯ’ವನ್ನು ಬರೆದ. ಅದೇ ಶತಮಾನದಲ್ಲಿ ಜಗದ್ದಳ ಸೋಮನಾಥ ಪೂಜ್ಯಪಾದರ ವೈದ್ಯಗ್ರಂಥವನ್ನು ಕನ್ನಡಕ್ಕೆ ತಂದು ‘ಕರ್ಣಾಟಕ ಕಲ್ಯಾಣಕಾರಕ’ವನ್ನು ರಚಿಸಿದ. ಹದಿನಾಲ್ಕನೆಯ ಶತಮಾನದಲ್ಲಿ ಮಂಗರಾಜ ವಿಷವೈದ್ಯಕ್ಕೆ ‘ಖಗೇಂದ್ರಮಣಿದರ್ಪಣ’ವನ್ನು ಕೊಟ್ಟ. ಈ ಸಾಲಿನಲ್ಲಿಯೇ ಸುಮಾರು 1400ರ ಅಭಿನವಚಂದ್ರನ ‘ಅಶ್ವವೈದ್ಯ’ ಬರುತ್ತದೆ. ಮುಂದೆ ಮೈಸೂರಿನ ಚಾಮರಾಜ ಒಡೆಯರ ಕಾಲದಲ್ಲಿ, 1627ರಲ್ಲಿ, ಪದ್ಮಣ ಪಂಡಿತನ ‘ಹಯಸಾರಸಮುಚ್ಚಯ’ ರಚಿತವಾಯಿತು. ಸಾಹಿತ್ಯ ಚರಿತ್ರೆಗಳಲ್ಲಿ ಈ ಕೃತಿಗಳಿಗೆ ದೊರೆಯುವುದು ಒಂದೊಂದು ಸಾಲು. ‘ಶಾಸ್ತ್ರಗ್ರಂಥಗಳು’ ಎಂಬ ಪ್ರಕರಣದ ಕೊನೆಗೆ ಅವುಗಳನ್ನು ಒಟ್ಟುಗೂಡಿಸಿ ಹೆಸರಿಸಿ ಮುಂದೆ ಸಾಗುವುದು ವಾಡಿಕೆ. ಪಂಪ-ರನ್ನರ ಯುದ್ಧವರ್ಣನೆಗೆ ಪುಟಗಟ್ಟಲೆ ಮೀಸಲಿಡುವ ಚರಿತ್ರೆಕಾರರು ಆ ಯುದ್ಧದ ಕುದುರೆಗೆ ಯಾರು ಹುರುಳಿ ಬೇಯಿಸಿಟ್ಟರೆಂದು ಕೇಳುವುದಿಲ್ಲ.

ಜೈನರೇ ಏಕೆ ಪ್ರಾಣಿವೈದ್ಯಕ್ಕೆ ಇಷ್ಟು ಒಲಿದರು? ರಾಜಾಶ್ರಯ, ಪಾಂಡಿತ್ಯ ಎಂಬ ಉತ್ತರಗಳು ಅರ್ಧ ಸರಿ. ಉಳಿದರ್ಧ ಶ್ರಾವಕಾಚಾರದಲ್ಲಿದೆ. ಆಹಾರ, ಔಷಧ, ಅಭಯ, ಶಾಸ್ತ್ರ ಎಂಬ ನಾಲ್ಕು ದಾನಗಳಲ್ಲಿ ಔಷಧಕ್ಕೆ ಸ್ಥಾನವಿದೆ. ಅದಕ್ಕಿಂತ ಮುಖ್ಯವಾದದ್ದು ‘ತತ್ತ್ವಾರ್ಥಸೂತ್ರ’ದ ಏಳನೆಯ ಅಧ್ಯಾಯ. ಗೃಹಸ್ಥನ ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಅಲ್ಲಿ ಹೇಳಿದೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಈ ಪಟ್ಟಿಯನ್ನು ಸಾಮಾನ್ಯವಾಗಿ ನೀತಿಬೋಧೆಯೆಂದು ಓದಿ ಬಿಡುತ್ತಾರೆ. ಅದನ್ನು ಕುದುರೆ ಲಾಯದ ಬಾಗಿಲಲ್ಲಿ ನಿಂತು ಓದಿ ನೋಡಬೇಕು. ಅಲುಗಾಡಲಾಗದಂತೆ ಕಟ್ಟಿಹಾಕುವುದು, ಹೊಡೆಯುವುದು, ಅಂಗವನ್ನು ಕತ್ತರಿಸುವುದು, ತಾಳಲಾರದಷ್ಟು ಭಾರ ಹೇರುವುದು, ಹೊತ್ತಿಗೆ ಸರಿಯಾಗಿ ಮೇವು ನೀರು ಕೊಡದಿರುವುದು: ಕುದುರೆಯನ್ನು ಕೆಡಿಸುವ ಐದು ದಾರಿಗಳೂ ಇವೇ. ‘ಸರ್ವಾರ್ಥಸಿದ್ಧಿ’ಯಲ್ಲಿ ಪೂಜ್ಯಪಾದರು ಇಲ್ಲಿನ ‘ವಧ’ಕ್ಕೆ ಕೊಲ್ಲುವುದೆಂಬ ಅರ್ಥ ಕೂಡದೆಂದೂ, ದಂಡ, ಕಶಾ, ವೇತ್ರಗಳಿಂದ ಹೊಡೆಯುವುದೆಂದೇ ತಿಳಿಯಬೇಕೆಂದೂ ವಿವರಿಸುತ್ತಾರೆ. ಕಶೆಯೆಂದರೆ ಚಾವಟಿ, ಕನ್ನಡದ ಚಮ್ಮಟಿಗೆ. ಕನ್ನಡನಾಡಿನ ಆಚಾರ್ಯರೊಬ್ಬರ ಕಣ್ಣಿನ ಮುಂದೆ ಈ ಸೂತ್ರಕ್ಕೆ ವ್ಯಾಖ್ಯಾನ ಬರೆಯುವಾಗ ಬಂಡಿಯ ಎತ್ತೂ ರಾವುತನ ಕುದುರೆಯೂ ಸುಳಿದಿರಬೇಕೆಂದು ಊಹಿಸಿದರೆ ತಪ್ಪಾಗಲಾರದು.

ಇಲ್ಲಿ ಒಂದು ತೊಡಕೂ ಇದೆ, ಅದನ್ನು ಮರೆಮಾಚಬೇಕಾಗಿಲ್ಲ. ಕುದುರೆ ಮುಖ್ಯವಾಗಿ ಯುದ್ಧದ ಪ್ರಾಣಿ. ಚಾವುಂಡರಾಯ, ಗಂಗರಾಜರಂಥ ಜೈನ ದಂಡನಾಯಕರು ಅದರ ಬೆನ್ನಮೇಲೆ ಕುಳಿತೇ ಕಾದಿದವರು. ಸೋಮದೇವಸೂರಿ ‘ನೀತಿವಾಕ್ಯಾಮೃತ’ದಲ್ಲಿ ಅಶ್ವಬಲವನ್ನು ಸೈನ್ಯದ ಚಲಿಸುವ ಕೋಟೆಗೋಡೆಯೆಂದು ಬಣ್ಣಿಸುತ್ತಾನೆ. ಅದೇ ಸೋಮದೇವನ ‘ಯಶಸ್ತಿಲಕ’ ಹಿಂಸೆಯ ಸಂಕಲ್ಪ ಮಾತ್ರದಿಂದಲೇ ಜನ್ಮಜನ್ಮಾಂತರ ತೊಳಲಿದವರ ಕಥೆ. ಜನ್ನನ ‘ಯಶೋಧರ ಚರಿತೆ’ಯಲ್ಲಿ ಅದು ಕನ್ನಡಿಗರಿಗೆ ಹತ್ತಿರವಾಯಿತು. ಆ ಕಥೆಯಲ್ಲಿ ತಾಯಿಯ ಜೀವ ಕೋಣವಾಗಿ ಹುಟ್ಟಿ ಅರಸನ ಕುದುರೆಯನ್ನು ಕೊಂದು ಘೋರ ಮರಣಕ್ಕೆ ಈಡಾಗುವ ಪ್ರಸಂಗವನ್ನು ಓದಿದವರು ಮರೆಯಲಾರರು. ಶ್ರವಣಬೆಳಗೊಳದ 982ರ ಶಾಸನ ಈ ಇಬ್ಬಂದಿಯನ್ನು ಒಂದೇ ಕಲ್ಲಿನಲ್ಲಿ ಹಿಡಿದಿಟ್ಟಿದೆ. ರಾಷ್ಟ್ರಕೂಟರ ಕೊನೆಯ ಕುಡಿ ನಾಲ್ಕನೆಯ ಇಂದ್ರ ಅಲ್ಲಿ ಸಲ್ಲೇಖನ ವ್ರತದಿಂದ ದೇಹ ಬಿಟ್ಟ. ಆ ಮರಣಸ್ಮಾರಕ ಅವನ ವೈರಾಗ್ಯವನ್ನು ಹೇಳುವುದರ ಜೊತೆಗೆ ಅವನ ಚೆಂಡಾಟದ ಕೌಶಲವನ್ನೂ ವಿಸ್ತಾರವಾಗಿ ಹೊಗಳುತ್ತದೆ. ವಿದ್ವಾಂಸರು ಅದನ್ನು ಕುದುರೆಯ ಮೇಲೆ ಆಡುವ, ಇಂದಿನ ಪೋಲೋವನ್ನು ಹೋಲುವ ಆಟವೆಂದು ಗುರುತಿಸಿದ್ದಾರೆ. ಎಲ್ಲವನ್ನೂ ತೊರೆದು ಹೋಗುವವನ ಸ್ಮಾರಕದಲ್ಲಿ ಕುದುರೆ ಸವಾರಿಯ ಪ್ರಶಂಸೆ ಏಕೆ ಬೇಕಾಯಿತು? ಬಯಲಿನಲ್ಲಿ ವೇಗವಾಗಿ ಓಡುವ ಪ್ರಾಣಿಯನ್ನು ಬೇಕಾದಂತೆ ತಿರುಗಿಸಬಲ್ಲವನು ಇಂದ್ರಿಯಗಳನ್ನೂ ತಿರುಗಿಸಬಲ್ಲನೆಂಬ ಭಾವ ಅಲ್ಲಿರಬಹುದು. ‘ಉತ್ತರಾಧ್ಯಯನ ಸೂತ್ರ’ದ ಕೇಶಿ-ಗೌತಮ ಸಂವಾದದಲ್ಲಿ ಮನಸ್ಸೇ ಅಡ್ಡಾದಿಡ್ಡಿ ಓಡುವ ಕುದುರೆ, ಧರ್ಮಶಿಕ್ಷೆಯಿಂದ ಅದು ಹದಕ್ಕೆ ಬರುತ್ತದೆ. ಬಹುಕಾಲದ ಬಳಿಕ ಡಿ.ವಿ.ಜಿ.ಯವರ ಕಗ್ಗದಲ್ಲಿ ಬಂದ ಪ್ರಸಿದ್ಧ ಜಟಕಾ ರೂಪಕದಲ್ಲಿ ಮನುಷ್ಯನೇ ಕುದುರೆಯಾದ, ಓಡಿಸುವವನು ಬೇರೆ. ರೂಪಕ ಯಾವ ಕಡೆಗೆ ಹೊರಳಿದರೂ ಕುದುರೆಯ ಸ್ವಭಾವದ ತಿಳಿವಳಿಕೆ ಅದಕ್ಕೆ ತಳಪಾಯ.

ಆ ತಿಳಿವಳಿಕೆಯ ಮೊದಲ ಪಾಠ ಬೆನ್ನೇರುವುದಲ್ಲ. ಹಳೆಯ ಶಾಸ್ತ್ರಗಳೂ ಇಂದಿನ ಸವಾರಿ ಶಾಲೆಗಳೂ ಇದನ್ನು ಒಂದೇ ಬಾಯಲ್ಲಿ ಹೇಳುತ್ತವೆ. ಕುದುರೆಯ ಕಣ್ಣುಗಳು ತಲೆಯ ಎರಡು ಪಕ್ಕದಲ್ಲಿವೆ; ಆದ್ದರಿಂದ ಅದಕ್ಕೆ ಸುತ್ತಲಿನ ಬಹುಭಾಗ ಕಾಣುತ್ತದೆ, ಆದರೆ ನೆಟ್ಟಗೆ ಹಿಂಬದಿಯೂ ಹಣೆಯ ಮುಂದಿನ ಒಂದಿಷ್ಟು ಜಾಗವೂ ಕಾಣುವುದಿಲ್ಲ. ಹಿಂದಿನಿಂದ ಸದ್ದಿಲ್ಲದೆ ಬಂದವನನ್ನು ಅದು ಹಗೆಯೆಂದು ಬಗೆದು ಒದೆಯುತ್ತದೆ. ಕಲಿಯುವವನು ಅದರ ಎಡ ಹೆಗಲಿನ ಕಡೆಯಿಂದ, ಮಾತನಾಡಿಸುತ್ತಾ, ಹತ್ತಿರ ಹೋಗಬೇಕು. ಎಡಗಡೆಯಿಂದ ಏರುವ ರೂಢಿಗೆ ಎಡ ಸೊಂಟದಲ್ಲಿ ತೂಗುವ ಕತ್ತಿ ಕಾರಣವೆಂದು ಹೇಳುವುದುಂಟು. ಕತ್ತಿ ಹೋದರೂ ರೂಢಿ ಉಳಿದಿದೆ. ಬಳಿಕ ಕಿವಿಯನ್ನು ಓದುವುದು: ಮುಂದಕ್ಕೆ ನಿಮಿರಿದರೆ ಕುತೂಹಲ, ಹಿಂದಕ್ಕೆ ಒತ್ತಿ ಮಲಗಿದರೆ ಸಿಟ್ಟು. ಆಮೇಲೆ ಹಲ್ಲು. ಹಾಲುಹಲ್ಲಿನ ಬಾಚಿಹಲ್ಲುಗಳು ಸುಮಾರು ಎರಡೂವರೆ, ಮೂರೂವರೆ, ನಾಲ್ಕೂವರೆ ವರ್ಷಗಳಲ್ಲಿ ಜೋಡಿಜೋಡಿಯಾಗಿ ಬಿದ್ದು, ಐದರ ಹೊತ್ತಿಗೆ ಬಾಯಿ ತುಂಬುತ್ತದೆ. ಅಲ್ಲಿಂದಾಚೆಗೆ ಹಲ್ಲಿನ ಮೇಲಿನ ಗುರುತು ಸವೆಯುವ ಬಗೆಯನ್ನು ನೋಡಿ ವಯಸ್ಸು ಹೇಳಬೇಕು. ಸಂಸ್ಕೃತ ಗ್ರಂಥಗಳು ಈ ಗುರುತುಗಳ ಬಣ್ಣವನ್ನು ಕಪ್ಪು, ಹಳದಿ, ಬಿಳಿ, ಗಾಜಿನ ಬಣ್ಣ, ಶಂಖದ ಬಣ್ಣ ಎಂದು ಹಂತಹಂತವಾಗಿ ಹೆಸರಿಸಿವೆ. ಕುದುರೆ ಮಾರುವವನ ಮಾತಿಗಿಂತ ಹಲ್ಲಿನ ಸಾಕ್ಷ್ಯ ನಂಬತಕ್ಕದ್ದು ಎಂಬುದು ಅವುಗಳ ಇಂಗಿತ.

ಗೊರಸಿನ ವಿಷಯವನ್ನು ಇನ್ನೂ ನಿಧಾನವಾಗಿ ಕಲಿಯಬೇಕು. ಗೊರಸು ನಮ್ಮ ಉಗುರಿನಂತೆ ತಿಂಗಳಿಗೆ ಹತ್ತಿರಹತ್ತಿರ ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಲಾಳ ಹೊಡೆದ ಕುದುರೆಗೆ ಸುಮಾರು ಆರು ವಾರಕ್ಕೊಮ್ಮೆ ಲಾಳ ಕಿತ್ತು ಗೊರಸು ಸವರಿ ಮತ್ತೆ ಕಟ್ಟಬೇಕು. ಪ್ರತಿದಿನವೂ ಕಾಲೆತ್ತಿ ಗೊರಸಿನ ಒಳಗೆ ಸಿಕ್ಕ ಕಲ್ಲು ಮಣ್ಣನ್ನು ತೆಗೆಯದಿದ್ದರೆ ಅಲ್ಲೇ ಕೊಳೆ ಆರಂಭ. ಮೇವಿನ ಮಾತೂ ಹಾಗೆಯೇ. ಅಷ್ಟು ದೊಡ್ಡ ಪ್ರಾಣಿಗೆ ಜಠರ ತೀರ ಸಣ್ಣದು, ವಾಂತಿ ಮಾಡುವ ಶಕ್ತಿಯೂ ಅದಕ್ಕಿಲ್ಲ. ಒಮ್ಮೆಗೇ ಹೆಚ್ಚು ತಿಂದರೆ, ದುಡಿದು ಬೆವತಾಗ ಹೊಟ್ಟೆ ತುಂಬ ಕಾಳು ತಿಂದರೆ, ಹೊಟ್ಟೆಶೂಲೆ ಬಂದು ಬೆಳಗಾಗುವುದರೊಳಗೆ ಸಾಯಬಲ್ಲದು. ಸ್ವಲ್ಪಸ್ವಲ್ಪವಾಗಿ, ಹಲವು ಸಲ, ಹುಲ್ಲು ಮೊದಲು ಕಾಳು ಅನಂತರ ಎಂಬುದು ಲಾಯದ ನಿಯಮ. ನಮ್ಮ ನಾಡಿನಲ್ಲಿ ಕಾಳೆಂದರೆ ಹುರುಳಿ. ಇಂಗ್ಲಿಷರು ಅದಕ್ಕೆ ಕುದುರೆಯ ಹೆಸರನ್ನೇ ಇಟ್ಟರು. ನೆನೆಸಿ ಅಥವಾ ಬೇಯಿಸಿ ಕೊಡುವ ಹುರುಳಿ ರಾಗಿಯ ಹೊಲದ ರೈತನಿಗೂ ಅರಮನೆಯ ಲಾಯಕ್ಕೂ ಸಮಾನವಾದ ಧಾನ್ಯವಾಗಿತ್ತು. ಇಲ್ಲಿ ಸಂಶೋಧಕರ ಗಮನಕ್ಕೆ ತರಬೇಕಾದ ಒಂದು ಸಂಗತಿ ಇದೆ. ಕೌಟಿಲ್ಯನ ‘ಅರ್ಥಶಾಸ್ತ್ರ’ದ ಅಶ್ವಾಧ್ಯಕ್ಷ ಪ್ರಕರಣ ಕುದುರೆಯ ಪಡಿಯಲ್ಲಿ ಮಾಂಸ ಸುರೆಗಳನ್ನೂ ಸೇರಿಸುತ್ತದೆ. ಮಾರ್ಕೋ ಪೋಲೋ ಕಂಡದ್ದೂ ಅನ್ನದ ಜೊತೆಗೆ ಬೇಯಿಸಿದ ಮಾಂಸವನ್ನು ಕುದುರೆಗೆ ತಿನ್ನಿಸುವುದನ್ನು. ಇದಕ್ಕೆ ಎದುರಾಗಿ, ಮದ್ಯ ಮಾಂಸ ಮಧುಗಳನ್ನು ಬಿಟ್ಟು ಚಿಕಿತ್ಸೆ ಹೇಳುವುದು ಉಗ್ರಾದಿತ್ಯ, ಸೋಮನಾಥರ ‘ಕಲ್ಯಾಣಕಾರಕ’ ಪರಂಪರೆಯ ಪ್ರತಿಜ್ಞೆ. ಕನ್ನಡದ ಅಶ್ವವೈದ್ಯದ ಮದ್ದುಗಳ ಪಟ್ಟಿಯನ್ನು ಈ ಎರಡು ಪರಂಪರೆಗಳ ನಡುವೆ ಇಟ್ಟು ಒಂದೊಂದಾಗಿ ಹೋಲಿಸಿ ನೋಡುವುದು ಪಿಎಚ್.ಡಿ. ಪ್ರಬಂಧವೊಂದಕ್ಕೆ ಸಾಲುವಷ್ಟು ಕೆಲಸ. ಹುಲ್ಲು ತಿನ್ನುವ ಪ್ರಾಣಿಗೆ ಮಾಂಸ ತಿನ್ನಿಸಿದ್ದು ದಕ್ಷಿಣದಲ್ಲಿ ಅದರ ಅಕಾಲಮರಣಕ್ಕೆ ಒಂದು ಕಾರಣವಾಗಿದ್ದರೆ, ಅಹಿಂಸೆಯ ನಿಯಮ ಇಲ್ಲಿ ವೈದ್ಯಕ್ಕೂ ಹಿತವಾದ ನಿಯಮ.

ಶಾಸ್ತ್ರಗ್ರಂಥಗಳಲ್ಲಿರುವುದೆಲ್ಲ ಹೀಗೆ ಉಪಯುಕ್ತವೆಂದಲ್ಲ. ಸುಳಿಗಳ ಶುಭಾಶುಭ ಫಲಕ್ಕೆ ಅವು ಕೊಡುವ ಜಾಗ ಬೇಸರ ತರಿಸುವಷ್ಟಿದೆ. ಹಣೆಯ ಸುಳಿ ಒಡೆಯನಿಗೆ ರಾಜ್ಯ ತರುವುದೋ ನಾಶ ತರುವುದೋ ಎಂಬ ಚರ್ಚೆಯಿಂದ ಕುದುರೆಗೆ ಯಾವ ಲಾಭವೂ ಇಲ್ಲ. ಆದರೆ ಒಂದು ಕುದುರೆಯನ್ನು ಇನ್ನೊಂದರಿಂದ ಗುರುತಿಸಲು ಸುಳಿಗಳ ಪಟ್ಟಿ ಬೇಕಾಗುತ್ತದೆ, ಇಂದಿಗೂ ಕುದುರೆಯ ಗುರುತು ಚೀಟಿಯಲ್ಲಿ ಸುಳಿಗಳನ್ನು ದಾಖಲಿಸುತ್ತಾರೆ. ಬಣ್ಣಗಳ ಪಟ್ಟಿಯಲ್ಲಿ ಬೇರೊಂದು ಚರಿತ್ರೆ ಅಡಗಿದೆ. ಹನ್ನೆರಡನೆಯ ಶತಮಾನದ ಜೈನಾಚಾರ್ಯ ಹೇಮಚಂದ್ರನ ‘ಅಭಿಧಾನಚಿಂತಾಮಣಿ’ಯಲ್ಲಿ ಕೋಕಾಹ, ಸೇರಾಹ, ವೋಲ್ಲಾಹ, ಕುಲಾಹ ಮೊದಲಾದ ಹೆಸರುಗಳಿವೆ. ಇವು ವರ್ತಕರ ಬಾಯಿಂದ ಬಂದ ಪರದೇಶದ ಮಾತುಗಳು. ಹೇಮಚಂದ್ರ ಅವುಗಳಿಗೂ ಸಂಸ್ಕೃತದ ವ್ಯುತ್ಪತ್ತಿ ಹೇಳಲು ಪಡುವ ಶ್ರಮವನ್ನು ಕಂಡು ನಗು ಬರುತ್ತದೆ, ಗೌರವವೂ ಹುಟ್ಟುತ್ತದೆ.

ಇನ್ನು ಸವಾರಿ. ಹಳಗನ್ನಡದಲ್ಲಿ ಜೀನಿಗೆ ಪಲ್ಲಣವೆಂಬ ಹೆಸರು. ನಡುಗನ್ನಡದಲ್ಲಿ ಅದು ಹಲ್ಲಣವಾಯಿತು. ಕೈಯಲ್ಲಿ ಹಿಡಿಯುವುದು ವಾಘೆ, ಬಾಯಲ್ಲಿರುವುದು ಕಡಿವಾಣ. ಕಾಲಿಡುವ ಸಾಧನಕ್ಕೆ ಅಂಕವಣೆಯೆಂಬ ಚೆಲುವಾದ ಮಾತಿತ್ತು, ಮುಂದೆ ಅದನ್ನು ರಿಕಾಪು ತಳ್ಳಿಹಾಕಿತು. ಸವಾರ ರಾವುತ, ಲಾಯದ ಅಧಿಕಾರಿ ಶಾಸನಗಳ ಸಾಹಣಿ. ಕುದುರೆ ತಿರುಗಿಸಿ ಪಳಗಿಸುವ ಬಯಲು ವಾಹ್ಯಾಳಿ, ಜನರ ಬಾಯಲ್ಲಿ ವಯ್ಯಾಳಿ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ ಸುಮಾರು 1129ರಲ್ಲಿ ಈ ವಾಹ್ಯಾಳಿಯನ್ನು ಅರಸನ ವಿನೋದಗಳಲ್ಲೊಂದಾಗಿ ವರ್ಣಿಸುತ್ತದೆ. ನೆಲವನ್ನು ಕಲ್ಲುಮುಳ್ಳಿಲ್ಲದಂತೆ ಸಮ ಮಾಡಿ, ಎರಡು ಕಡೆ ತೋರಣ ನಿಲ್ಲಿಸಿ, ಚರ್ಮ ಹೊದಿಸಿದ ಮರದ ಚೆಂಡನ್ನು ಬೆತ್ತದ ಕೋಲಿನಿಂದ ಹೊಡೆಯುತ್ತಾ ಎರಡು ತಂಡ ಸೆಣಸುವ ಆಟವೂ ಅಲ್ಲಿದೆ. ಹಳೇ ಬೀಡಿನ ಹೊಯ್ಸಳೇಶ್ವರ ದೇವಾಲಯದ ಅಧಿಷ್ಠಾನದಲ್ಲಿ ಆನೆ, ಸಿಂಹ, ಬಳ್ಳಿಗಳ ಪಟ್ಟಿಕೆಯ ಜೊತೆಗೆ ಸಾಗುವ ಕುದುರೆ ಸವಾರರನ್ನು ಸಾವಕಾಶವಾಗಿ ನೋಡಿದವರಿಗೆ ಪಲ್ಲಣ, ಅಂಕವಣೆ, ವಾಘೆಗಳು ಕಣ್ಣಿಗೆ ಬೀಳುತ್ತವೆ. ಗ್ರಂಥದಲ್ಲಿ ಅರ್ಥವಾಗದ ಮಾತು ಕಲ್ಲಿನಲ್ಲಿ ಅರ್ಥವಾಗುವುದುಂಟು.

ಕುದುರೆಯ ನಡೆಗಳಿಗೆ ಸಂಸ್ಕೃತದಲ್ಲಿ ಪಂಚಧಾರೆಗಳೆಂದು ಹೆಸರು. ಅಮರಕೋಶ ಆಸ್ಕಂದಿತ, ಧೌರಿತಕ, ರೇಚಿತ, ವಲ್ಗಿತ, ಪ್ಲುತ ಎಂದು ಐದನ್ನೂ ಎಣಿಸುತ್ತದೆ. ಚಂಪೂಕವಿಗಳು ಇವನ್ನು ಧಾರಾಳವಾಗಿ ಬಳಸುತ್ತಾರೆ. ನಮ್ಮ ಅರ್ಥಕೋಶಗಳೂ ಟಿಪ್ಪಣಿಕಾರರೂ ಐದಕ್ಕೂ ‘ಕುದುರೆಯ ಒಂದು ಬಗೆಯ ನಡೆ’ ಎಂದು ಬರೆದು ಕೈತೊಳೆದುಕೊಳ್ಳುವುದು ಹೆಚ್ಚು. ಕುದುರೆಯ ಪಕ್ಕದಲ್ಲಿ ಒಂದು ಬೆಳಗು ನಿಂತವನು ಹಾಗೆ ಬರೆಯಲಾರ. ಮೆಲ್ಲನಡೆಯಲ್ಲಿ ನಾಲ್ಕು ಗೊರಸುಗಳೂ ಬೇರೆಬೇರೆಯಾಗಿ ನೆಲ ಮುಟ್ಟಿ ನಾಲ್ಕು ಸದ್ದು ಕೇಳಿಸುತ್ತದೆ. ಕುಕ್ಕುಲೋಟದಲ್ಲಿ ಎದುರುಬದುರಿನ ಮುಂಗಾಲು ಹಿಂಗಾಲುಗಳು ಜೊತೆಗೂಡಿ ಎರಡೇ ಸದ್ದು. ಹೊಸಬನಿಗೆ ಬೆನ್ನು ಕುಟ್ಟಿಹಾಕುವ ನಡೆ ಇದೇ, ಅಂಕವಣೆಯ ಮೇಲೆ ತಾಳಕ್ಕೆ ಸರಿಯಾಗಿ ಏಳುತ್ತ ಕೂಡುತ್ತ ಸಾಗುವುದನ್ನು ಕಲಿಯುವವರೆಗೂ ಸುಖವಿಲ್ಲ. ಅದರ ಮೇಲಿನ ಸಣ್ಣ ಓಟದಲ್ಲಿ ಮೂರು ಸದ್ದು. ಪೂರ್ಣ ವೇಗದಲ್ಲಿ ಮತ್ತೆ ನಾಲ್ಕು, ನಡುವೆ ಒಂದು ಕ್ಷಣ ನಾಲ್ಕೂ ಕಾಲು ಗಾಳಿಯಲ್ಲಿ. ಕನ್ನಡ ಅದನ್ನು ‘ನಾಗಾಲೋಟ’ ಎಂದಿತು. ನಾಲ್ಕು ಕಾಲಿನ ಓಟ. ಬೆಲೆಯೇರಿಕೆಗೂ ಚುನಾವಣೆಗೂ ಈ ಮಾತನ್ನು ದಿನವೂ ಬಳಸುವ ಪತ್ರಿಕೆಗಳಿಗೆ ಅದರೊಳಗಿನ ಕುದುರೆ ಕಾಣುವುದಿಲ್ಲ. ಪದ್ಯದ ಲಯವನ್ನು ಮಾತ್ರೆಗಣಗಳಲ್ಲಿ ಎಣಿಸಲು ಕಲಿತ ವಿದ್ಯಾರ್ಥಿ ಈ ಎರಡು, ಮೂರು, ನಾಲ್ಕರ ತಾಳವನ್ನು ಕಿವಿಯಿಂದಲೇ ಹಿಡಿಯಬಲ್ಲ. ಹೊಡೆತದ ವಿಷಯದಲ್ಲಿಯೂ ಶಾಸ್ತ್ರಗಳು ಎಚ್ಚರ ಹೇಳುತ್ತವೆ. ಯಾವ ತಪ್ಪಿಗೆ, ಯಾವ ಅಂಗದ ಮೇಲೆ, ಯಾವ ಹೊತ್ತಿನಲ್ಲಿ ಎಂಬ ನಿಯಮ ತಪ್ಪಿ ಎತ್ತಿದ ಚಮ್ಮಟಿಗೆ ಕುದುರೆಯನ್ನು ಕೆಡಿಸುತ್ತದೆ. ಪೂಜ್ಯಪಾದರ ‘ಕಶಾ’ವನ್ನು ಬಲ್ಲವರಿಗೆ ಈ ನಿಯಮ ಅರೆಮನಸ್ಸಿನ ಒಪ್ಪಂದದಂತೆ ಕಾಣುತ್ತದೆ, ಆದರೂ ನಿಯಮವಿಲ್ಲದ್ದಕ್ಕಿಂತ ಮೇಲು.

ಈ ವಿದ್ಯೆ ದಂಡಿನ ಬೆಂಗಳೂರಿಗೆ ಬಂದಾಗ ಅದರ ಭಾಷೆ ಬದಲಾಗಿತ್ತು. 1807ರ ಒಪ್ಪಂದದಂತೆ ಮೈಸೂರು ಸಂಸ್ಥಾನ 4,000 ಸವಾರರನ್ನು ಇಟ್ಟುಕೊಳ್ಳಬೇಕಾಯಿತು. ಇವರು ಸಿಲ್ಲೇದಾರರು. ಸಿಲ್ಲೇದಾರನ ಕುದುರೆ ಅವನ ಸ್ವಂತದ್ದು. ಅದು ಸತ್ತರೆ ಅವನು ಪರರ ಕುದುರೆಯೇರುವ ಬಾರಗೀರನಾಗಿ ಇಳಿಯಬೇಕು. ಕುದುರೆಯ ಆರೋಗ್ಯವೇ ಮನೆಯ ಅನ್ನವಾಗಿದ್ದ ಕಾರಣ ಅವನ ಮನೆಮಂದಿಗೆಲ್ಲ ಅಶ್ವವೈದ್ಯ ತಿಳಿದಿರಬೇಕಾಗಿತ್ತು. 1824ರಲ್ಲಿ ಬ್ರಿಟಿಷರು ಸೇನೆಯ ಕುದುರೆಗಳಿಗಾಗಿ ಹೊಸೂರಿನ ಮತ್ತಿಗಿರಿಯಲ್ಲಿ ಪಾಲನಾಕೇಂದ್ರ ತೆರೆದರು. ಅದೇ ವರ್ಷ ಷಿರಾಜ್‌ನಿಂದ ಹದಿಹರೆಯದ ಆಗಾ ಅಲಿ ಆಸ್ಕರ್ ತನ್ನ ಸೋದರರೊಂದಿಗೆ 200 ಕುದುರೆಗಳನ್ನು ಬೆಂಗಳೂರಿಗೆ ತಂದ. ಅರಮನೆಗೂ ದಂಡಿಗೂ ಅರಬ್ಬೀ ಕುದುರೆ ಒದಗಿಸಿ, ಊರಿನಲ್ಲಿ ಬಂಗಲೆಗಳನ್ನು ಕಟ್ಟಿಸಿ ಅವನು ಇಲ್ಲಿಯವನೇ ಆದ. ಮುಂದೆ ದಿವಾನರಾದ ಸರ್ ಮಿರ್ಜಾ ಇಸ್ಮಾಯಿಲ್ ಅವನ ಮೊಮ್ಮಗ. ಮಾರ್ಕೋ ಪೋಲೋ ದೂರಿದ ವರ್ತಕನ ಪರಂಪರೆ ಇಲ್ಲಿ ಹೀಗೆ ಮನೆಮಾಡಿ ನಿಂತಿತು. ಅರಬ್ಬೀ ಕುದುರೆಗಳ ಮೋಹಿಯಾಗಿದ್ದ ಕಮಿಷನರ್ ಮಾರ್ಕ್ ಕಬ್ಬನ್ ಪ್ರತಿಮೆಯೂ ಅಶ್ವಾರೂಢವೇ. ಅಂಕವಣೆ ರಿಕಾಪಾದದ್ದು, ವಾಘೆ ಲಗಾಮಾದದ್ದು ಬಹಳ ಹಿಂದಿನಿಂದ ನಡೆದು ಬಂದ ಬದಲಾವಣೆ. ದಂಡು ಅದನ್ನು ಪೂರ್ತಿಗೊಳಿಸಿತು. ಪಾರಸಿ, ಹಿಂದುಸ್ತಾನಿಗಳ ಮೇಲೆ ಇಂಗ್ಲಿಷ್ ಬಂದು ಕುಳಿತಿತು.

1896ರಲ್ಲಿ ನಾಲ್ಕನೆಯ ಹುಸ್ಸಾರ್ ದಳದೊಂದಿಗೆ ಬೆಂಗಳೂರಿಗೆ ಬಂದ ವಿನ್ಸ್ಟನ್ ಚರ್ಚಿಲ್ ತನ್ನ ಆತ್ಮಕಥನದಲ್ಲಿ ಪೋಲೋ ಆಟವನ್ನೂ, ಇಂಗ್ಲೆಂಡಿನಲ್ಲಿ ಪಡೆದ ಸವಾರಿ ಶಿಕ್ಷಣದ ಕಷ್ಟವನ್ನೂ ಬಿಡಿಸಿ ಹೇಳಿದ್ದಾನೆ: ಜೀನಿಲ್ಲದೆ, ರಿಕಾಪಿಲ್ಲದೆ, ಕೈಗಳನ್ನು ಬೆನ್ನ ಹಿಂದೆ ಕಟ್ಟಿ ಬೇಲಿ ಹಾರುವ ಅಭ್ಯಾಸ. ಇಲ್ಲಿನ ಬಂಗಲೆಯಲ್ಲಿ ಪ್ರತಿ ಅಧಿಕಾರಿಗೂ ಬಟ್ಲರ್, ಉಡುಪಿನ ಆಳು ಮತ್ತು ಹಿರಿಯ ಸೈಸ್ ಇದ್ದರೆಂದು ಅವನು ನೆನೆಯುತ್ತಾನೆ. ಆ ಸೈಸ್‌ಗೆ ಹೆಸರಿಲ್ಲ. ಮುಂಜಾನೆ ಗೊರಸು ತೊಳೆದು, ಹುರುಳಿ ಬೇಯಿಸಿ, ಶೂಲೆ ಬಂದ ರಾತ್ರಿ ಕುದುರೆಯನ್ನು ಮಲಗಗೊಡದೆ ನಡೆಸಾಡಿಸಿದವನು ಅವನೇ. ಕನ್ನಡದಲ್ಲಿ ಕಾಸದಾರನೆಂದು, ಇಂಗ್ಲಿಷಿನಲ್ಲಿ ಸೈಸ್ ಎಂದು ಕರೆಸಿಕೊಂಡ ಈತನಿಲ್ಲದೆ ಯಾವ ಕುದುರೆಪಡೆಯೂ ಒಂದು ವಾರ ನಿಲ್ಲುತ್ತಿರಲಿಲ್ಲ. ಅಭಿನವಚಂದ್ರನ ಗ್ರಂಥದ ನಿಜವಾದ ಓದುಗ, ಅಥವಾ ಅದನ್ನು ಓದಿಸಿ ಕೇಳಿದವನು, ಅರಸನಿಗಿಂತ ಹೆಚ್ಚಾಗಿ ಇಂಥವನೇ ಇರಬೇಕು.

ಸಿಲ್ಲೇದಾರರ ಪರಂಪರೆಯಿಂದ 1890ರ ದಶಕದಲ್ಲಿ ರೂಪುಗೊಂಡ ಮೈಸೂರು ಲ್ಯಾನ್ಸರ್ಸ್ ದಳ 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಜೋಧಪುರದ ಸವಾರರೊಂದಿಗೆ ಕಾದಿತು. ಅದರ ಸ್ಮಾರಕ ಕಮ್ಮನಹಳ್ಳಿಯಿಂದ ಬಹಳ ದೂರವೇನಲ್ಲದ ಮುನಿರೆಡ್ಡಿಪಾಳ್ಯದಲ್ಲಿದೆ. ಸ್ವಾತಂತ್ರ್ಯದ ಬಳಿಕ, 1953ರಲ್ಲಿ, ಸಂಸ್ಥಾನಗಳ ಕುದುರೆಪಡೆಗಳು ಒಂದಾಗಿ 61ನೆಯ ಕ್ಯಾವಲ್ರಿ ಆದಾಗ ಈ ದಳವೂ ಅದರಲ್ಲಿ ಸೇರಿಹೋಯಿತು. ಬೆಂಗಳೂರಿನಲ್ಲಿ ಸವಾರಿ ನಿಲ್ಲಲಿಲ್ಲ. ಅಗರಂ ಬಯಲಿನ ಸೇನಾ ಕೇಂದ್ರದಲ್ಲಿ ಅದು ಮುಂದುವರಿದಿದೆ, ಊರ ಹೊರಗೆ ಖಾಸಗಿ ಸವಾರಿ ಶಾಲೆಗಳಿವೆ. ಇದೇ ನಗರದ ಫವಾದ್ ಮಿರ್ಜಾ 2018ರ ಏಷ್ಯನ್ ಕ್ರೀಡಾಕೂಟದಲ್ಲಿ ವೈಯಕ್ತಿಕ ಹಾಗೂ ತಂಡ ವಿಭಾಗಗಳಲ್ಲಿ ಬೆಳ್ಳಿ ಗೆದ್ದು, ಟೋಕಿಯೋ ಒಲಿಂಪಿಕ್ಸ್‌ನಲ್ಲಿ 23ನೆಯವರಾಗಿ ಮುಗಿಸಿದರು. ಅವರ ತಂದೆ ಪಶುವೈದ್ಯರು. ಸವಾರಿಯೂ ವೈದ್ಯವೂ ಒಂದೇ ಮನೆಯಲ್ಲಿರಬೇಕೆಂದು ಹಳೆಯ ಅಶ್ವಶಾಸ್ತ್ರಕಾರರು ತಿಳಿದಿದ್ದರು.

ಪೂರ್ವ ಬೆಂಗಳೂರಿನ ಹುಡುಗಿಯೊಬ್ಬಳು ಈಗ ಭಾನುವಾರ ಸವಾರಿ ಕಲಿಯಲು ಹೋದರೆ ಅವಳ ಕಿವಿಗೆ ಬೀಳುವುದು ವಾಕ್, ಟ್ರಾಟ್, ಕ್ಯಾಂಟರ್ ಎಂಬ ಆಜ್ಞೆಗಳು. ಸೋಮವಾರ ಕಾಲೇಜಿನಲ್ಲಿ ಹಳಗನ್ನಡ ಪಾಠದ ಹೊತ್ತಿಗೆ ‘ಧೌರಿತಕ’ ಬಂದಾಗ ಅದು ತಾನು ನಿನ್ನೆ ಬೆನ್ನು ನೋಯಿಸಿಕೊಂಡ ನಡೆಯಿರಬಹುದೆಂದು ಅವಳಿಗೆ ಹೊಳೆಯುವುದಿಲ್ಲ, ಪಾಠ ಹೇಳುವವರಿಗೂ ಹೊಳೆಯುವುದಿಲ್ಲ. ‘ಅಶ್ವವೈದ್ಯ’, ‘ಹಯಸಾರಸಮುಚ್ಚಯ’ಗಳನ್ನು ಸಾಹಿತ್ಯ ಬಲ್ಲವರೊಬ್ಬರೂ ಪಶುವೈದ್ಯರೊಬ್ಬರೂ ಕೂಡಿ ಕುಳಿತು, ಸಾಧ್ಯವಾದರೆ ಲಾಯದ ಪಕ್ಕದಲ್ಲೇ, ಪದಪದವಾಗಿ ಓದಬೇಕು. ಪಲ್ಲಣ, ಅಂಕವಣೆ, ವಾಘೆಗಳಿಗೆ ಚಿತ್ರಸಹಿತವಾದ ಅರ್ಥಕೋಶ ಆಗ ತಾನಾಗಿ ಸಿದ್ಧವಾಗುತ್ತದೆ. ಕುದುರೆ ಲಾಂಛನದ ಶಂಭವನಾಥನ ಮೂರ್ತಿಯನ್ನೂ, ಕುದುರೆಯೇರಿದ ಬ್ರಹ್ಮಯಕ್ಷನ ಶಿಲ್ಪಗಳನ್ನೂ ಬಸದಿಗಳಲ್ಲಿ ನೋಡುವವರು ಆ ಕುದುರೆಗಳ ಸಾಮಗ್ರಿಯ ಕಡೆಗೂ ಕಣ್ಣು ಹಾಯಿಸಿದರೆ ಕೋಶಕ್ಕೆ ಆಧಾರಗಳು ಹೆಚ್ಚುತ್ತವೆ.

ವಯ್ಯಾಳಿ ಎಂಬ ಮಾತು ಮಾತ್ರ ಒಂದು ಕಡೆ ಬದುಕಿ ಉಳಿದಿದೆ. ಶ್ರೀವೈಷ್ಣವ ದೇವಾಲಯಗಳ ಉತ್ಸವದಲ್ಲಿ ಮರದ ಕುದುರೆ ವಾಹನವನ್ನು ಹೊತ್ತವರು ಅದನ್ನು ಹಿಂದಕ್ಕೂ ಮುಂದಕ್ಕೂ ಓಡಿಸಿ, ಒಮ್ಮೆಲೇ ತಿರುಗಿಸಿ, ದೇವರನ್ನು ಸವಾರಿ ಮಾಡಿಸುತ್ತಾರೆ. ಆ ಸೇವೆಯ ಹೆಸರು ವಯ್ಯಾಳಿ. ಅಲ್ಲಿ ಕುದುರೆಯಿಲ್ಲ. ಅದರ ನಡೆ ಹೊರುವವರ ಕಾಲಿನಲ್ಲಿದೆ.